ಮೃತ್ಯುಪತ್ರ ಮತ್ತು ಗೃಹಸ್ಥನ ಹೊಣೆ

ಬಿತ್ತನೆಯ ಬೀಜವನ್ನು ಸುಗ್ಗಿಯಲ್ಲಿಯೇ ಬೇರೆ ತೆಗೆದಿರಿಸುವ ರೈತನು, ಮಗಳ ಮದುವೆಯ ಖರ್ಚಿನ ಪಟ್ಟಿಯನ್ನು ಎರಡು ವರ್ಷ ಮೊದಲೇ ಬರೆದಿಡುವ ಗೃಹಸ್ಥನು, ದೀಪಾವಳಿಯ ಪಾಡ್ಯಕ್ಕೆ ಹಳೆಯ ಲೆಕ್ಕವನ್ನು ಚುಕ್ತಾ ಮಾಡಿ ಹೊಸ ಖಾತೆಕಿರ್ದಿಗೆ ಪೂಜೆ ಸಲ್ಲಿಸುವ ವರ್ತಕನು, ಇವರೆಲ್ಲರೂ ಮುಂದಾಲೋಚನೆಯುಳ್ಳವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಮ್ಮ ಕಾಲಾನಂತರ ಈ ಹೊಲ, ಈ ಮನೆ, ಈ ಅಂಗಡಿ ಯಾರಿಗೆ ಹೇಗೆ ಸೇರತಕ್ಕದ್ದು ಎಂಬ ಪ್ರಶ್ನೆ ಬಂದಾಗ ಈ ಮೂವರೂ ಒಂದೇ ತೆರನಾಗಿ ಮೌನ ತಾಳುತ್ತಾರೆ. ಹಿರಿಯರ ಮುಂದೆ ಆ ಮಾತನ್ನು ಎತ್ತುವ ಮಗನು ಆಸ್ತಿಗೆ ಕಣ್ಣು ಹಾಕಿದವನೆನಿಸುತ್ತಾನೆ. ಎತ್ತುವ ಸೊಸೆಯ ಪಾಡು ಹೇಳಬೇಕಾದುದಿಲ್ಲ. ಮೃತ್ಯುಪತ್ರವೆಂಬ ಹೆಸರಿನಲ್ಲಿಯೇ ಮೃತ್ಯುವಿರುವುದರಿಂದ ಅದನ್ನು ಬರೆದರೆ ಮೃತ್ಯುವನ್ನು ಕರೆದಂತೆ ಎಂಬ ಅಂಜಿಕೆ ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದೆ. ಹಳೆಯ ಮೈಸೂರಿನ ಕಡೆ ಅದನ್ನೇ ಉಯಿಲು ಎಂದು ಕರೆದರೂ ಅಂಜಿಕೆಯೇನೂ ಕಡಿಮೆಯಾಗಿಲ್ಲ.

ಮೌನವು ಯಾರ ಪಕ್ಷವನ್ನೂ ವಹಿಸದೆಂದು ಬಗೆಯುವುದು ತಪ್ಪು ಎಣಿಕೆ. ಆಸ್ತಿವಂತನು ಏನನ್ನೂ ಬರೆಯದೆ ತೀರಿಕೊಂಡರೆ ಅವನ ಪರವಾಗಿ ಶಾಸನವೇ ಬರೆಯುತ್ತದೆ. ಆ ಶಾಸನಕ್ಕೆ ಅವನ ಮನೆಯ ಪರಿಚಯವಿಲ್ಲ. ಮುಪ್ಪಿನಲ್ಲಿ ಅವನ ಸೇವೆ ಮಾಡಿದವರಾರು, ಹತ್ತು ವರ್ಷ ಮುಖ ತೋರಿಸದವರಾರು, ಯಾವ ಮಗುವಿಗೆ ಬುದ್ಧಿ ಬೆಳೆದಿಲ್ಲ, ಯಾವ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದಾಳೆ ಎಂಬುದೊಂದೂ ಅದಕ್ಕೆ ತಿಳಿಯದು. ಅದು ಸಂಬಂಧಗಳನ್ನು ಎಣಿಸುತ್ತದೆ, ಪಾಲುಗಳನ್ನು ಭಾಗಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು.

ಈ ವಿಷಯದಲ್ಲಿ ಅನ್ವಯವಾಗುವುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ವೀರಶೈವರನ್ನೂ ಲಿಂಗಾಯತರನ್ನೂ ಆ ಕಾಯಿದೆಯ ಎರಡನೆಯ ವಿಧಿಯು ಹೆಸರು ಹಿಡಿದೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆಯಾದುದರಿಂದ ಈ ಸಂಚಿಕೆಯನ್ನು ಓದುವ ಬಹುಪಾಲು ಕುಟುಂಬಗಳ ವಾರಸು ಅದರಂತೆಯೇ ನಡೆಯತಕ್ಕದ್ದಾಗಿದೆ. ಪುರುಷನೊಬ್ಬನು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿಯು ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಿಗೆ ಸಮನಾಗಿ ಹೋಗುತ್ತದೆ. ಅವನಿಗಿಂತ ಮೊದಲೇ ತೀರಿಹೋದ ಮಗನ ಪಾಲು ಆ ಮಗನ ವಿಧವೆಗೂ ಮಕ್ಕಳಿಗೂ ಸೇರುತ್ತದೆ. ತಾಯಿಯು ಈ ಮೊದಲ ವರ್ಗದಲ್ಲಿದ್ದಾಳೆ, ತಂದೆಯು ಇಲ್ಲ. ಸ್ವಂತ ದುಡಿಮೆಯಿಂದ ಮನೆ ಕಟ್ಟಿ ಅಕಾಲದಲ್ಲಿ ತೀರಿಕೊಂಡ ಮಗನ ಮನೆಯಲ್ಲಿ ಮುದಿ ತಂದೆಗೆ ಹಕ್ಕಿಲ್ಲವೆಂದು ಕೇಳಿ ಬೆರಗಾಗುವವರೇ ಹೆಚ್ಚು.

ಪಿತ್ರಾರ್ಜಿತದ ಲೆಕ್ಕ ಬೇರೆ. ಪತ್ನಿಯನ್ನೂ ತಾಯಿಯನ್ನೂ ಕಳೆದುಕೊಂಡ ಗೃಹಸ್ಥನೊಬ್ಬನಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯರಿಂದ ಬಂದ, ಇನ್ನೂ ಪಾಲಾಗದ ಹೊಲ 12 ಎಕರೆ ಎಂದು ಇಟ್ಟುಕೊಳ್ಳಬಹುದು. ಆ ಹೊಲದಲ್ಲಿ ತಂದೆಗೆಷ್ಟು ಹಕ್ಕೋ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅಷ್ಟೇ ಹಕ್ಕು. ನಾಲ್ಕು ಪಾಲು, ಪಾಲಿಗೆ 3 ಎಕರೆ. ತಂದೆಯು ಏನನ್ನೂ ಬರೆಯದೆ ತೀರಿಕೊಂಡರೆ ಅವನ 3 ಎಕರೆ ಮೂವರು ಮಕ್ಕಳಿಗೆ ಹಂಚಿ ಪ್ರತಿಯೊಬ್ಬರಿಗೂ 4 ಎಕರೆ ಆಗುತ್ತದೆ. ಅವನು ಉಯಿಲು ಬರೆದರೂ ಅದು ತಾಗುವುದು ಅವನ 3 ಎಕರೆಗೆ ಮಾತ್ರ. ಆ 3 ಎಕರೆಯನ್ನು ಗಂಡುಮಕ್ಕಳಿಬ್ಬರಿಗೇ ಬರೆದನೆನ್ನೋಣವೆ? ಅವರಿಗೆ ತಲಾ ನಾಲ್ಕೂವರೆ ಎಕರೆಯಾದೀತು; ಮಗಳ ಹುಟ್ಟುಹಕ್ಕಿನ 3 ಎಕರೆಯನ್ನು ಮಾತ್ರ ಯಾವ ಕಾಗದವೂ ಕಸಿಯಲಾರದು.

ಈ ಹಕ್ಕು ಒಮ್ಮೆಲೇ ಬಂದುದಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು 1994ರ ಜುಲೈ ತಿಂಗಳಿನಿಂದಲೇ ಜಾರಿಗೆ ತಂದಿತ್ತು. ಕೇಂದ್ರ ಶಾಸನವು 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಾಗಿತ್ತೇ ಎಂಬ ವಾದಕ್ಕೆ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ ತಿಂಗಳಿನ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ತೆರೆ ಎಳೆಯಿತು. ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬಂದುದು ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರದಿಂದಾಗಲಿ ನ್ಯಾಯಾಲಯದ ಡಿಕ್ರಿಯಿಂದಾಗಲಿ ಆದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ. ಬಾಯಿಮಾತಿನ ವಾಟಣಿ ಎಂದೋ ಆಗಿತ್ತು ಎಂಬ ವಾದವು ಈಗ ಸುಲಭವಾಗಿ ನಡೆಯುವುದಿಲ್ಲ.

ಹೆಣ್ಣುಮಕ್ಕಳ ಹಕ್ಕು ಗಟ್ಟಿಯಾದಂತೆ ಉಯಿಲು ಬರೆಯುವುದೂ ಹೆಚ್ಚಿದೆಯೆಂದು ವಕೀಲರು ಹೇಳುವುದುಂಟು. ಅದರ ಅರ್ಥವನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ಮನೆಯ ಯಜಮಾನನು ಅಂಜಿಕೆಯನ್ನು ಬದಿಗಿಟ್ಟು ಲೇಖನಿ ಹಿಡಿಯುವುದು ಅನೇಕ ವೇಳೆ ಮಗಳ ಹೆಸರನ್ನು ಹೊರಗಿಡುವುದಕ್ಕಾಗಿ. ಅವಳ ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಕೊಟ್ಟಿದ್ದೇವೆ ಎಂಬ ಒಂದು ವಾಕ್ಯ ಇಂಥ ಕಾಗದಗಳಲ್ಲಿ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತದೆ. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯುವ ಸ್ವಾತಂತ್ರ್ಯ ಶಾಸನದಲ್ಲಿ ಇದೆ, ನಿಜ. ಆ ಸ್ವಾತಂತ್ರ್ಯವನ್ನು ಹೀಗೆ ಬಳಸುವುದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ; ನ್ಯಾಯವಲ್ಲವೆಂದೇ ಹೇಳಬೇಕಾಗುತ್ತದೆ. ಗಂಡುಮಗನ ಮದುವೆಗೂ ಖರ್ಚಾಗಿರುತ್ತದೆ, ಅವನ ಓದಿಗೂ ವ್ಯಾಪಾರಕ್ಕೂ ಖರ್ಚಾಗಿರುತ್ತದೆ. ಆ ಲೆಕ್ಕವನ್ನು ಯಾವ ಉಯಿಲಿನಲ್ಲಿಯೂ ಬರೆದಿರುವುದಿಲ್ಲ. ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯೇರಿ ಸ್ತ್ರೀಸಮಾನತೆಯನ್ನು ಕೊಂಡಾಡಿದ ಹಿರಿಯನು ಮನೆಗೆ ಹೋಗಿ ಇಂಥ ಕಾಗದಕ್ಕೆ ರುಜು ಹಾಕಿದರೆ ಅವನ ಭಾಷಣಕ್ಕೆ ಬೆಲೆ ಕಟ್ಟುವುದು ಹೇಗೆ?

ಇನ್ನು ಹೊಲದ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಭೂಸುಧಾರಣೆಯ ಫಲವಾಗಿ ಗೇಣಿದಾರರು ಒಡೆಯರಾದ ಜಮೀನುಗಳು ಈ ನಾಡಿನಲ್ಲಿ ಅಸಂಖ್ಯಾತ. ಗೇಣಿಯ ಹಕ್ಕನ್ನು ಉಯಿಲಿನ ಮೂಲಕ ಕುಟುಂಬದ ಹೊರಗಿನವರಿಗೆ ಬರೆಯಬಹುದೇ ಎಂಬ ಪ್ರಶ್ನೆಯು ಜಮಖಂಡಿಯ ಭೂನ್ಯಾಯಮಂಡಳಿಯ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಬರೆಯಲಾಗದೆಂದು 1998ರಲ್ಲಿ ಇತ್ಯರ್ಥವಾಯಿತು. ಅಧಿಭೋಗದ ಹಕ್ಕು ದೊರೆತ ಮೇಲೂ 15 ವರ್ಷಗಳ ಅವಧಿಯಲ್ಲಿ ಪರರಿಗೆ ಬರೆದ ಉಯಿಲು ನಡೆಯದೆಂದು 2004ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದುದರಿಂದ ಹೊಲವನ್ನು ಬರೆಯುವ ಮುನ್ನ ಅದು ತನಗೆ ಯಾವ ದಾರಿಯಿಂದ ಬಂತೆಂಬುದನ್ನು ಪಹಣಿಯಿಂದಲೂ ಹಳೆಯ ಆದೇಶಪತ್ರಗಳಿಂದಲೂ ನೋಡಿಕೊಳ್ಳತಕ್ಕದ್ದು.

ಸ್ತ್ರೀಯರ ಆಸ್ತಿಯ ವಿಷಯ ಇದಕ್ಕಿಂತ ಗಂಭೀರವಾದುದು. ಉಯಿಲು ಎಂದರೆ ಗಂಡಸಿನ ಕಾಗದ ಎಂಬ ಭಾವನೆ ಎಷ್ಟು ಬಲವಾಗಿದೆಯೆಂದರೆ, ಮೂವತ್ತು ವರ್ಷ ಉಪಾಧ್ಯಾಯಿನಿಯಾಗಿ ದುಡಿದು, ಸ್ವಂತ ಹೆಸರಿನಲ್ಲಿ ಮನೆ ಮಾಡಿ, ಭವಿಷ್ಯನಿಧಿಯನ್ನೂ ಠೇವಣಿಯನ್ನೂ ಉಳಿಸಿಕೊಂಡ ವಿದ್ಯಾವಂತೆಯೂ ಅದನ್ನು ಬರೆಯುವ ಯೋಚನೆ ಮಾಡುವುದಿಲ್ಲ. ಅವಳು ಬರೆಯದಿದ್ದರೆ 1956ರ ಕಾಯಿದೆಯ 15ನೆಯ ವಿಧಿಯು ಬರೆಯುತ್ತದೆ. ಮೊದಲು ಮಕ್ಕಳು ಮತ್ತು ಗಂಡ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರು. ಅವರೂ ಇಲ್ಲದಿದ್ದರೆ ಮಾತ್ರ ಅವಳ ಸ್ವಂತ ತಾಯಿತಂದೆಗಳು. ತಾಯಿತಂದೆಗಳಿಂದ ಅವಳಿಗೆ ವಾರಸಾಗಿ ಬಂದ ಆಸ್ತಿಯಾದರೆ, ಮಕ್ಕಳಿಲ್ಲದಾಗ ಅದು ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ಆದರೆ ಅವಳೇ ದುಡಿದು ಗಳಿಸಿದ್ದಕ್ಕೆ ಆ ರಕ್ಷಣೆಯಿಲ್ಲ.

ಇದರ ಪರಿಣಾಮವೇನೆಂಬುದನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣ ತೋರಿಸಿಕೊಟ್ಟಿದೆ. 1955ರಲ್ಲಿ ಮದುವೆಯಾದ ಹೆಣ್ಣುಮಗಳೊಬ್ಬಳ ಗಂಡ ಮೂರು ತಿಂಗಳಲ್ಲಿ ಹಾವು ಕಚ್ಚಿ ತೀರಿಕೊಂಡನು. ಗಂಡನ ಮನೆಯವರು ಅವಳನ್ನು ಹೊರಗಟ್ಟಿದರು. ತವರಿನವರು ಇಟ್ಟುಕೊಂಡರು, ಓದಿಸಿದರು. ಅವಳು ನೌಕರಿ ಹಿಡಿದು ನಾಲ್ಕು ದಶಕ ಸ್ವತಂತ್ರವಾಗಿ ಬದುಕಿ ಗಣನೀಯ ಹಣ ಉಳಿಸಿ 1996ರಲ್ಲಿ ತೀರಿಕೊಂಡಳು. ಉಯಿಲು ಇರಲಿಲ್ಲ. ಸಾಕಿ ಓದಿಸಿದ ತಾಯಿಯು ಒಂದು ಕಡೆ, ಒಂದು ದಿನವೂ ವಿಚಾರಿಸದ ಗಂಡನ ಅಕ್ಕತಂಗಿಯರ ಮಕ್ಕಳು ಇನ್ನೊಂದು ಕಡೆ ನಿಂತರು. ನ್ಯಾಯಾಲಯವು ಪ್ರಕರಣದ ಕಠಿಣತೆಯನ್ನು ಒಪ್ಪಿಕೊಂಡಿತು. ಆದರೆ ಅನುಕಂಪದಿಂದ ಶಾಸನವನ್ನು ಬದಲಿಸಲಾಗದೆಂದು ಹೇಳಿ ಆಸ್ತಿಯನ್ನು ಗಂಡನ ಕಡೆಯವರಿಗೇ ಕೊಟ್ಟಿತು. ಅವಳು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಇಬ್ಬರ ಸಾಕ್ಷಿ ಹಾಕಿಸಿದ್ದರೆ ಆ ವ್ಯಾಜ್ಯವೇ ಇರುತ್ತಿರಲಿಲ್ಲ. 2025ರ ನವೆಂಬರ್ ತಿಂಗಳಿನಲ್ಲಿ ಈ ವಿಧಿಯ ಕುರಿತ ಅರ್ಜಿಯೊಂದನ್ನು ಮುಗಿಸುವಾಗ, ಸ್ತ್ರೀಯರು ಅದರಲ್ಲಿಯೂ ಹಿಂದೂ ಸ್ತ್ರೀಯರು ಉಯಿಲು ಬರೆದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಮನವಿ ಮಾಡಿಕೊಂಡಿತು. ನ್ಯಾಯಾಲಯಗಳು ಮನವಿ ಮಾಡುವುದು ಅಪರೂಪ. ಈ ಶಾಲೆಯಂಥ ಶಾಲೆಗಳಲ್ಲಿ ಓದಿ ಉದ್ಯೋಗಕ್ಕೆ ಹೋದ ಹೆಣ್ಣುಮಕ್ಕಳು ಆ ಮನವಿಯನ್ನು ತಮಗೇ ಮಾಡಿದುದೆಂದು ತಿಳಿದರೆ ಒಳ್ಳೆಯದು.

ಬರೆಯುವುದು ಹೇಗೆ? ಶಾಸನವು ಕೇಳುವುದು ಜನ ಊಹಿಸುವುದಕ್ಕಿಂತ ಬಹಳ ಕಡಿಮೆ. ಪ್ರಾಪ್ತವಯಸ್ಕನಾದ, ಸ್ವಸ್ಥಚಿತ್ತನಾದ ಯಾರೇ ಆಗಲಿ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ, ಮುದ್ರಾಂಕ ಶುಲ್ಕವಿಲ್ಲ, ಇಂಥದೇ ಭಾಷೆ ಇಂಥದೇ ಮಾದರಿ ಎಂಬ ನಿರ್ಬಂಧವಿಲ್ಲ. ಕನ್ನಡದಲ್ಲಿ ಬರೆದುದು ಇಂಗ್ಲಿಷಿನಲ್ಲಿ ಬರೆದುದಷ್ಟೇ ಸಿಂಧು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ವಿಧಿಯಂತೆ ಬರೆದವನು ರುಜು ಮಾಡಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು, ಅಥವಾ ಅದು ತನ್ನದೇ ರುಜು ಎಂದು ಅವನು ಒಪ್ಪಿದುದನ್ನು ಕೇಳಿ, ಅವನ ಎದುರಿನಲ್ಲಿ ತಾವೂ ರುಜು ಹಾಕಬೇಕು. ಇಷ್ಟೇ. ಬಹಳಷ್ಟು ಉಯಿಲುಗಳು ಬೀಳುವುದು ಇಷ್ಟನ್ನು ಸರಿಯಾಗಿ ಮಾಡದುದರಿಂದ. ಸಾಕ್ಷಿಗಳು ಆಮೇಲೆ ಯಾವಾಗಲೋ ಬಂದು ಬರಹಗಾರನ ಮನೆಯಲ್ಲಿ ರುಜು ಹಾಕಿ ಹೋಗಿರುತ್ತಾರೆ. ಅಥವಾ ಒಬ್ಬನೇ ಸಾಕ್ಷಿಯಿದ್ದು, ಪತ್ರ ಬರೆದವನ ಬಿಕ್ಕಲಂ ರುಜುವನ್ನೇ ಎರಡನೆಯ ಸಾಕ್ಷಿಯೆಂದು ಎಣಿಸಿರುತ್ತಾರೆ. ಬರಹಗಾರನು ಸಾಕ್ಷಿಯಾಗುವ ಉದ್ದೇಶದಿಂದಲೇ ರುಜು ಮಾಡಿದ್ದಲ್ಲದೆ ಬರಿಯ ಬಿಕ್ಕಲಂ ಸಾಕ್ಷಿಯೆನಿಸದು.

ಸಾಕ್ಷಿಗಳ ಆಯ್ಕೆಯಲ್ಲಿಯೂ ವಿವೇಕ ಬೇಕು. ಗೌರವಕ್ಕಾಗಿ ಊರಿನ ಅತಿ ವೃದ್ಧರಿಬ್ಬರನ್ನು ಕರೆಯುವ ವಾಡಿಕೆಯುಂಟು. ಉಯಿಲನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕಾದಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕಟಕಟೆಗೆ ತರಬೇಕೆಂಬುದು ಹಿಂದಿನ ಸಾಕ್ಷ್ಯ ಕಾಯಿದೆಯಲ್ಲಿಯೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಬರೆದವನಿಗಿಂತ ಸಾಕ್ಷಿಯೇ ಮೊದಲು ತೀರಿಕೊಂಡರೆ ಕೈಬರಹವನ್ನು ಗುರುತಿಸುವವರನ್ನು ಹುಡುಕುವ ತೊಂದರೆ ಬರುತ್ತದೆ. ಆದುದರಿಂದ ಬರೆದವನಿಗಿಂತ ಹತ್ತಿಪ್ಪತ್ತು ವರ್ಷ ಕಿರಿಯರಾದ, ಆಸ್ತಿಯಲ್ಲಿ ಪಾಲು ಪಡೆಯದ, ಊರು ಬಿಟ್ಟು ಹೋಗುವ ಸಂಭವ ಕಡಿಮೆಯಿರುವ ಇಬ್ಬರು ಉತ್ತಮ. ಚಿಕಿತ್ಸೆ ಮಾಡುವ ವೈದ್ಯರೇ ಒಬ್ಬ ಸಾಕ್ಷಿಯಾದರೆ ಚಿತ್ತಸ್ವಾಸ್ಥ್ಯದ ಪ್ರಶ್ನೆಗೂ ಉತ್ತರ ದೊರೆತಂತಾಗುತ್ತದೆ.

ನೋಂದಣಿಯು ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದು ಮೇಲು. ಕಾಗದ ಕಳೆದರೂ ನಕಲು ಸಿಗುತ್ತದೆ, ಖೋಟಾ ಎಂಬ ಆಪಾದನೆಗೆ ಬಲ ಕುಂದುತ್ತದೆ. ಒಳಗೇನಿದೆಯೆಂದು ಯಾರಿಗೂ ತಿಳಿಯಬಾರದೆಂದು ಬಯಸುವವರು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿಯಿಡುವ ಏರ್ಪಾಡು 1908ರ ನೋಂದಣಿ ಕಾಯಿದೆಯಲ್ಲಿಯೇ ಇದೆ. ಇದನ್ನು ಬಳಸಿಕೊಳ್ಳುವವರು ವಿರಳ. ನೋಂದಣಿಯಾದ ಮಾತ್ರಕ್ಕೆ ಉಯಿಲು ಸಿದ್ಧವಾಯಿತೆಂದು ಮಾತ್ರ ಭಾವಿಸಬಾರದು. ಸಾಕ್ಷಿಗಳ ಮೂಲಕ ರುಜುವಾತು ಮಾಡುವ ಹೊಣೆ ಉಳಿದೇ ಇರುತ್ತದೆ. ನೋಂದಾಯಿಸಿದ ಉಯಿಲನ್ನು ಮತ್ತೆ ಬದಲಿಸಲಾಗದೆಂಬ ಮಾತೂ ಸುಳ್ಳು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ನಡೆಯುವುದು.

ಉಯಿಲಿನ ರುಜುವಾತಿನ ಕುರಿತು ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉದ್ಧರಿಸುವ ತೀರ್ಪು ಮೈಸೂರಿನಿಂದ ಹೋದ ಒಂದು ವ್ಯಾಜ್ಯದಲ್ಲಿ ಹುಟ್ಟಿತೆಂಬುದು ಕನ್ನಡಿಗರಿಗೆ ತಿಳಿದಿರಬೇಕಾದ ಸಂಗತಿ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ. ಎನ್. ತಿಮ್ಮಾಜಮ್ಮ ಎಂಬ ಆ ಪ್ರಕರಣದಲ್ಲಿ 1958ರ ನವೆಂಬರ್ ತಿಂಗಳಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪಿನ ಸಾರ ಇಷ್ಟು. ಉಯಿಲು ನ್ಯಾಯಾಲಯಕ್ಕೆ ಬರುವಾಗ ಅದನ್ನು ಬರೆದವನು ಬಂದು ಇದು ನನ್ನದು, ಇದು ನನ್ನದಲ್ಲ ಎಂದು ಹೇಳಲಾರನು. ಆದುದರಿಂದ ಸಂದೇಹಕ್ಕೆ ಎಡೆಗೊಡುವ ಸನ್ನಿವೇಶಗಳಿದ್ದರೆ ಅವುಗಳನ್ನೆಲ್ಲ ಪರಿಹರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ತರುವ ಹೊಣೆ ಉಯಿಲನ್ನು ಮುಂದಿಡುವವನದು. ನಡುಗುವ ಕೈಯ ರುಜು, ಮಂಕಾದ ಬುದ್ಧಿ, ಸಹಜವಲ್ಲದ ಹಂಚಿಕೆ ಇವು ಸಂದೇಹದ ಸನ್ನಿವೇಶಗಳು. ಎಲ್ಲಕ್ಕಿಂತ ಮುಖ್ಯವಾಗಿ, ಉಯಿಲು ಬರೆಸುವುದರಲ್ಲಿ ಮುಂದಾಳಾಗಿ ನಿಂತವನೇ ಅದರಿಂದ ದೊಡ್ಡ ಲಾಭ ಪಡೆದಿದ್ದರೆ ಅದು ಸಂದೇಹಕ್ಕೆ ಗಟ್ಟಿ ಕಾರಣ. ಈ ಕೊನೆಯ ಮಾತಿನ ಪ್ರಸ್ತಾಪ ಮುಂದೆ ಮತ್ತೆ ಬರಲಿದೆ.

ಪ್ರೊಬೇಟ್ ಎಂಬ ಹೆಸರು ಕೇಳಿ ಹಿಂಜರಿಯುವವರು ಬಹಳ. ಅದು ಉಯಿಲು ಸಿಂಧುವೆಂದು ನ್ಯಾಯಾಲಯವು ಮೊಹರು ಹಾಕಿ ಕೊಡುವ ಪ್ರಮಾಣಪತ್ರ. ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ ಮಾತ್ರ ದೊರೆಯತಕ್ಕದ್ದು. ನಿರ್ವಾಹಕನನ್ನು ಹೆಸರಿಸದಿದ್ದರೆ ಫಲಾನುಭವಿಯು ಆಡಳಿತಪತ್ರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕಾಗಿಯೇ ನಂಬಿಕಸ್ಥನೊಬ್ಬನ ಹೆಸರನ್ನು ಬರೆದಿಡುವುದು ಲೇಸು. ಕರ್ನಾಟಕದೊಳಗಿನ ಆಸ್ತಿಯನ್ನು ಕುರಿತು ಇಲ್ಲಿಯೇ ಬರೆದ ಹಿಂದೂ ಉಯಿಲಿಗೆ ಪ್ರೊಬೇಟ್ ಎಂದೂ ಕಡ್ಡಾಯವಾಗಿರಲಿಲ್ಲ. ಮುಂಬಯಿ, ಮದರಾಸು ನಗರಗಳಲ್ಲಿ ಮತ್ತು ಹಳೆಯ ಬಂಗಾಲ ಪ್ರಾಂತದಲ್ಲಿ ಅದು ಕಡ್ಡಾಯವಾಗಿದ್ದು, ಮುಂಬಯಿಯಲ್ಲಿ ನೆಲೆಸಿ ಖೋಲಿಯನ್ನೋ ಉಪಾಹಾರಗೃಹವನ್ನೋ ಮಾಡಿಕೊಂಡ ಕನ್ನಡಿಗರ ಮಕ್ಕಳು ವರ್ಷಗಟ್ಟಲೆ ಉಚ್ಚ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತಿತ್ತು. ಆ ನಿರ್ಬಂಧವನ್ನು ವಿಧಿಸುತ್ತಿದ್ದ 213ನೆಯ ವಿಧಿಯನ್ನು ಸಂಸತ್ತು 2025ರ ಡಿಸೆಂಬರ್ ತಿಂಗಳಿನಲ್ಲಿ ರದ್ದುಗೊಳಿಸಿತು. ವಾರಸುದಾರರು ಒಪ್ಪಿದಲ್ಲಿ ಇನ್ನು ಹಾದಿ ಸುಗಮ. ಒಪ್ಪದಿದ್ದಲ್ಲಿ ಮುಂಬಯಿಯೇ ಆಗಲಿ ಮುಂಡರಗಿಯೇ ಆಗಲಿ ಕೊನೆಗೆ ನ್ಯಾಯಾಲಯವೇ ಗತಿ. ಕಂದಾಯ ಕಚೇರಿಯಲ್ಲಿ ಖಾತೆ ಬದಲಾಯಿತೆಂದು ನೆಮ್ಮದಿಯಿಂದಿರುವವರೂ ಉಂಟು; ಖಾತೆಯು ಕಂದಾಯ ಕಟ್ಟುವವನಾರೆಂದು ತೋರಿಸೀತೇ ಹೊರತು ಒಡೆತನವನ್ನು ಸೃಷ್ಟಿಸದು.

ಬ್ಯಾಂಕಿನ ನಾಮನಿರ್ದೇಶನದ ಬಗೆಗೂ ಇಂಥದೇ ಭ್ರಮೆಯಿದೆ. ನಾಮಿನಿಯಾದವನು ಹಣವನ್ನು ಪಡೆಯಲು ಅರ್ಹನು. ಅದರ ಒಡೆಯನೇನೂ ಅಲ್ಲ, ವಾರಸುದಾರರ ಪರವಾಗಿ ಇಟ್ಟುಕೊಂಡವನು. ಕಂಪನಿಯ ಷೇರುಗಳಿಗೂ ಇದೇ ನಿಯಮವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮನಿರ್ದೇಶಿಸುವ ಅನುಕೂಲ ಬಂದಿದೆ. ಅದು ಉಯಿಲಿಗೆ ಬದಲಿಯೆಂದು ತಿಳಿಯುವುದು ಬೇಡ.

ಉಯಿಲಿನ ಗೊಡವೆಯೇ ಬೇಡವೆಂದು ಬದುಕಿರುವಾಗಲೇ ದಾನಪತ್ರ ಮಾಡಿ ಎಲ್ಲವನ್ನೂ ಮಕ್ಕಳಿಗೆ ಒಪ್ಪಿಸುವ ವೃದ್ಧರ ಕಥೆ ಕರುಣಾಜನಕವಾದುದು. ಉಯಿಲು ಬರೆದವನು ಸಾಯುವವರೆಗೆ ಒಡೆಯನಾಗಿಯೇ ಉಳಿಯುತ್ತಾನೆ. ದಾನಪತ್ರ ಬರೆದವನು ನೋಂದಣಿ ಕಚೇರಿಯ ಮೆಟ್ಟಿಲಿಳಿಯುವಾಗಲೇ ಮಗನ ಮನೆಯ ಅತಿಥಿಯಾಗಿರುತ್ತಾನೆ. ಹಿರಿಯ ನಾಗರಿಕರ 2007ರ ಕಾಯಿದೆಯು, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಹಿಂಪಡೆಯಲು ದಾರಿ ಮಾಡಿದೆ. ಷರತ್ತು ಇತ್ತೆಂಬುದನ್ನು ತೋರಿಸಬೇಕಾಗುತ್ತದಾದುದರಿಂದ ಅದನ್ನು ಪತ್ರದಲ್ಲಿಯೇ ಬರೆಯಿಸತಕ್ಕದ್ದು. ಪ್ರೀತಿಯಿಂದ ಕೊಡುವಾಗ ಷರತ್ತೇಕೆ ಎಂದು ಕೇಳುವ ಮಗನ ಮುಂದೆ ಹಿರಿಯರು ಸಂಕೋಚ ಪಡುತ್ತಾರೆ. ಆ ಸಂಕೋಚ ಬೇಡ.

ಉಯಿಲಾಗಲಿ ದಾನವಾಗಲಿ ಸಾಲದಾಗುವ ಸಂದರ್ಭಗಳಲ್ಲಿ ನ್ಯಾಸ, ಅಂದರೆ ಟ್ರಸ್ಟು, ನೆರವಿಗೆ ಬರುತ್ತದೆ. ಬುದ್ಧಿ ಬೆಳೆಯದ ಮಗುವುಳ್ಳ ತಾಯಿತಂದೆಗಳನ್ನು ಹಗಲಿರುಳು ಕಾಡುವ ಚಿಂತೆ ಒಂದೇ, ತಮ್ಮ ನಂತರ ಇವನನ್ನು ನೋಡುವವರಾರು ಎಂಬುದು. ಆ ಮಗನ ಹೆಸರಿಗೇ ಆಸ್ತಿ ಬರೆದರೆ ಅವನು ಅದನ್ನು ಕಾಯಲಾರನು. ಅಣ್ಣನಿಗೆ ಬರೆದು ನೋಡಿಕೋ ಎಂದರೆ ಅದು ಅಣ್ಣನ ಮರ್ಜಿಗೆ ಬಿಟ್ಟದ್ದು. 1882ರ ಭಾರತೀಯ ನ್ಯಾಸಗಳ ಕಾಯಿದೆಯಂತೆ ಇಬ್ಬರೋ ಮೂವರೋ ವಿಶ್ವಸ್ಥರನ್ನು ನೇಮಿಸಿ, ಮನೆಯ ಬಾಡಿಗೆಯನ್ನೂ ಠೇವಣಿಯ ಬಡ್ಡಿಯನ್ನೂ ಅವನ ಊಟ, ಔಷಧ, ಆರೈಕೆಗೆ ಖರ್ಚು ಮಾಡತಕ್ಕದ್ದೆಂದು ಕಟ್ಟುಮಾಡಬಹುದು. ಸ್ಥಿರಾಸ್ತಿಯಿದ್ದಲ್ಲಿ ನೋಂದಾಯಿತ ಪತ್ರದಿಂದಲೋ ಉಯಿಲಿನಿಂದಲೋ ಇದನ್ನು ಮಾಡಬೇಕು. ವಿಶ್ವಸ್ಥನು ಆಸ್ತಿಯನ್ನು ಹಿಡಿದಿರುತ್ತಾನೆ, ಅನುಭವಿಸುವ ಹಕ್ಕು ಅವನಿಗಿಲ್ಲ. ಲೆಕ್ಕ ಕೊಡುವ ಬಾಧ್ಯತೆಯಿದೆ. ಇದರ ಜತೆಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪಾಲಕನನ್ನು ನೇಮಿಸಿಕೊಳ್ಳುವುದೂ ಸಾಧ್ಯ.

ಸಾರ್ವಜನಿಕ ಕಾರ್ಯಕ್ಕಾಗಿ ಕೊಡುವವರಿಗೆ ಈ ಸಮಾಜದ ಇತಿಹಾಸದಲ್ಲಿಯೇ ಎರಡು ಮಾದರಿಗಳಿವೆ. ನವಲಗುಂದ–ಶಿರಸಂಗಿ ಸಂಸ್ಥಾನದ ದೇಸಾಯಿಯವರಾದ ತ್ಯಾಗವೀರ ಲಿಂಗರಾಜರು ಮಕ್ಕಳಿಲ್ಲದೆ 1906ರಲ್ಲಿ ಲಿಂಗೈಕ್ಯರಾದರು. ಅವರು ತಮ್ಮ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿರಿಸಿದ್ದು ಮೃತ್ಯುಪತ್ರದ ಮೂಲಕವೇ. ಆ ಆಸ್ತಿಯು ಒಬ್ಬ ವ್ಯಕ್ತಿಗೆ ಸೇರದೆ ನ್ಯಾಸದ ರೂಪ ತಳೆದುದರಿಂದ ಎಷ್ಟೋ ಬಡ ಮನೆಗಳ ಹುಡುಗರು ಓದಿ ಮುಂದೆ ಬಂದರು. ಬೆಳಗಾವಿಯ ಲಿಂಗರಾಜ ಕಾಲೇಜು ಹೊತ್ತಿರುವುದು ಅವರ ಹೆಸರನ್ನೇ. ಗುಬ್ಬಿ ತೋಟದಪ್ಪನವರು ಹಿಡಿದ ದಾರಿ ಬೇರೆ. 1910ರಲ್ಲಿ ಲಿಂಗೈಕ್ಯರಾದ ಅವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರದ ಛತ್ರವನ್ನೂ ವಿದ್ಯಾರ್ಥಿಗಳ ವಸತಿಯನ್ನೂ ತಮ್ಮ ಜೀವಿತಕಾಲದಲ್ಲಿಯೇ ನಡೆಸಿ, ಧರ್ಮಸಂಸ್ಥೆಯನ್ನಾಗಿ ಕಟ್ಟಿದರು. ಸತ್ತ ಮೇಲೆ ಕೊಡುವುದಕ್ಕಿಂತ ಬದುಕಿರುವಾಗ ಕೊಟ್ಟು, ಅದು ನಡೆಯುವ ರೀತಿಯನ್ನು ಕಣ್ಣಾರೆ ನೋಡಿ ತಿದ್ದುವ ಅವಕಾಶವಿರುವುದರಿಂದ ಎರಡನೆಯ ದಾರಿಯೇ ಸಾಧ್ಯವಿದ್ದವರಿಗೆ ಹೆಚ್ಚು ಶ್ರೇಯಸ್ಕರ. ಸಾರ್ವಜನಿಕ ನ್ಯಾಸದಲ್ಲಿ ಅವ್ಯವಹಾರ ನಡೆದರೆ ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅನುಮತಿ ಪಡೆದು ದಾವೆ ಹೂಡಲು ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೆಯ ವಿಧಿಯಲ್ಲಿ ಅವಕಾಶವೂ ಇದೆ.

ಇಲ್ಲಿ ಮಠಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಸಂಬಂಧಿಸಿದ ಒಂದು ಮಾತನ್ನು ಆಡದಿರುವುದು ಸಲ್ಲದು. ಮಕ್ಕಳಿಲ್ಲದ ದಂಪತಿಗಳು, ಒಂಟಿಯಾಗಿ ಉಳಿದ ವೃದ್ಧೆಯರು ಭಕ್ತಿಯಿಂದ ಮಠಕ್ಕೆ ಆಸ್ತಿ ಬರೆಯಲು ಬರುವುದುಂಟು. ಆಗ ಸಂಸ್ಥೆಯ ಕಾರ್ಯದರ್ಶಿಯೇ ಮಸೂದೆ ಬರೆಸಿ, ಸಂಸ್ಥೆಯ ನೌಕರರೇ ಸಾಕ್ಷಿ ಹಾಕಿ, ಸಂಸ್ಥೆಯ ವಾಹನದಲ್ಲಿಯೇ ನೋಂದಣಿ ಕಚೇರಿಗೆ ಕರೆದೊಯ್ದರೆ ಅದು ಸದುದ್ದೇಶದಿಂದಲೇ ನಡೆದಿರಬಹುದು. ಆದರೆ ಬರೆಸಿದವನೇ ಫಲ ಪಡೆಯುವುದು ಸಂದೇಹಕ್ಕೆ ಗಟ್ಟಿ ಕಾರಣವೆಂದು ಹೇಳಿದ ಮೈಸೂರಿನ ತೀರ್ಪು ಕಾವಿಗೊಂದು ಖಾದಿಗೊಂದು ನ್ಯಾಯವೆಂದು ಹೇಳಿಲ್ಲ. ದಾನಿಯ ಅಣ್ಣತಮ್ಮಂದಿರ ಮಕ್ಕಳು ನಾಳೆ ದಾವೆ ಹೂಡಿದರೆ ಇವೆಲ್ಲ ಒಂದೊಂದೂ ಪ್ರಶ್ನೆಯಾಗಿ ಎದುರು ನಿಲ್ಲುತ್ತವೆ. ಆಸ್ತಿ ಬರುವ ಮೊದಲೇ ಸಂಸ್ಥೆಯ ಹೆಸರು ಬೀದಿಗೆ ಬರುತ್ತದೆ.

ಆದುದರಿಂದ ಸ್ವೀಕರಿಸುವ ಸಂಸ್ಥೆಯು ಬರೆಯುವ ಕಾರ್ಯದಿಂದ ದೂರ ನಿಲ್ಲುವುದೇ ಧರ್ಮವೂ ಹೌದು, ವ್ಯವಹಾರವೂ ಹೌದು. ದಾನಿಯು ತನ್ನ ವಕೀಲನನ್ನು ತಾನೇ ಆರಿಸಿ, ಅವನ ಸಂಬಳವನ್ನು ತಾನೇ ಕೊಡಲಿ. ಸಾಕ್ಷಿಗಳು ಸಂಸ್ಥೆಯ ಹೊರಗಿನವರಾಗಿರಲಿ. ರಕ್ತಸಂಬಂಧಿಗಳನ್ನು ಏಕೆ ಬಿಟ್ಟೆನೆಂಬುದನ್ನು ಒಂದು ವಾಕ್ಯದಲ್ಲಿಯಾದರೂ ದಾನಿಯೇ ಬರೆದಿಡಲಿ. 'ಪೂಜ್ಯರಿಗೆ' ಎಂದು ವ್ಯಕ್ತಿಯ ಹೆಸರಿಗೆ ಬರೆಯದೆ ನೋಂದಾಯಿತ ಸಂಸ್ಥೆಯ ಪೂರ್ಣ ಹೆಸರಿಗೆ, ಯಾವ ಉದ್ದೇಶಕ್ಕೆಂದು ಸ್ಪಷ್ಟಪಡಿಸಿ ಬರೆಯಲಿ. ಪೀಠಕ್ಕೆ ಉತ್ತರಾಧಿಕಾರಿಗಳು ಬಂದಾಗ ಇದು ಸ್ವಾಮಿಗಳ ಸ್ವಂತದ್ದೋ ಮಠದ್ದೋ ಎಂಬ ವಿವಾದಕ್ಕೆ ಆಗ ಎಡೆಯಿರದು. ಬಡ ಅಕ್ಕನ ಮಗಳೊಬ್ಬಳು ಆ ವೃದ್ಧೆಯನ್ನು ಹತ್ತು ವರ್ಷ ನೋಡಿಕೊಂಡಿದ್ದರೆ ಅವಳಿಗೂ ಒಂದು ಪಾಲು ಬರೆಯಿರೆಂದು ಹೇಳುವ ಹೊಣೆ ಸಂಸ್ಥೆಯ ಹಿರಿಯರಿಗಿದೆ. ಹಾಗೆ ಹೇಳಿದ ಮೇಲೂ ದಾನಿಯು ಕೊಡಬಯಸಿದರೆ ಪತ್ರದ ಮೂಲವನ್ನು ಸಂಸ್ಥೆಯ ಕಪಾಟಿನಲ್ಲಿ ಇಟ್ಟುಕೊಳ್ಳದೆ ಜಿಲ್ಲಾ ನೋಂದಣಾಧಿಕಾರಿಯ ಬಳಿ ದಾನಿಯ ಹೆಸರಿನಲ್ಲಿಯೇ ಠೇವಣಿಯಿಡಿಸತಕ್ಕದ್ದು; ಮನಸ್ಸು ಬದಲಾದ ದಿನ ಅದನ್ನು ಹಿಂದಕ್ಕೆ ಪಡೆಯಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿ ಬರಬಾರದು.